ಒಗೆದ ಅಂಗಿ

ಜರ್ಮನಿಯ ನೆಕ್ಕರ್ ನದಿಯ ದಂಡೆಯಲ್ಲಿ ಎಸ್ಲಿಂಗೆನ್ ಎಂಬ ಪುರಾತನ ಪಟ್ಟಣವಿದೆ. ಕ್ರಿಸ್ಮಸ್ ಹಬ್ಬಕ್ಕೆ ಮುನ್ನ ಅಲ್ಲಿ ಮಧ್ಯಯುಗದ ಮಾದರಿಯ ಸಂತೆ ನೆರೆಯುತ್ತದೆ. ವರ್ತಕರು ಹಿಂದಿನ ಕಾಲದ ಉಡುಪನ್ನು ಧರಿಸುತ್ತಾರೆ, ಪಂಜುಗಳು ಉರಿಯುತ್ತವೆ, ಕಮ್ಮಾರರು ಜನರ ಕಣ್ಣೆದುರಿನಲ್ಲಿಯೇ ಕಬ್ಬಿಣವನ್ನು ಬಡಿಯುತ್ತಾರೆ. ಕಳೆದುಹೋದ ಕಾಲವನ್ನು ಕೆಲವು ವಾರಗಳ ಮಟ್ಟಿಗೆ ಮರಳಿ ಕರೆಯುವ ಆ ಸಂಭ್ರಮವನ್ನು ನೋಡಲು ದೂರದೂರದಿಂದ ಜನರು ಬರುತ್ತಾರೆ.

ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶದ ರಾಬರ್ಟ್‌ಸನ್‌ಪೇಟೆಯೂ ಡಿಸೆಂಬರಿನಲ್ಲಿ ಬೆಳಗುತ್ತದೆ. ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತವೆ. ಕೇಕು, ಕಲ್ಕಲ್, ಅಚ್ಚುಮುರುಕುಗಳ ಪರಿಮಳ ಹರಡುತ್ತದೆ. ಇಲ್ಲಿ ಯಾರೂ ವೇಷ ಧರಿಸುವುದಿಲ್ಲ. ಆದರೆ ಈ ಪೇಟೆಗೂ ಒಂದು ಹಳೆಯ ಕಥೆಯಿದೆ.

1880ರಲ್ಲಿ ಜಾನ್ ಟೇಲರ್ ಕಂಪನಿಯು ಇಲ್ಲಿ ಗಣಿಯ ಕೆಲಸವನ್ನು ಕೈಗೊಂಡಿತು. ಇಂಗ್ಲೆಂಡಿನ ಎಂಜಿನಿಯರುಗಳು, ಆಂಗ್ಲೋ-ಇಂಡಿಯನ್ ಕುಟುಂಬಗಳು, ತಮಿಳು ಮತ್ತು ತೆಲುಗು ನಾಡಿನ ಕೂಲಿಗಾರರು ಬಂದು ನೆಲೆಸಿದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿದು ಬಂದಿತು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಕೂಲಿ ನಿಂತ ಮೇಲೆ ಪೇಟೆಯೂ ನಿಲ್ಲುವುದು ಲೋಕದ ರೂಢಿ. ಈ ಪೇಟೆ ನಿಲ್ಲಲಿಲ್ಲ.

ಹಬ್ಬದ ಹಿಂದಿನ ಸಂಜೆ, ಗಣಿಯಲ್ಲಿ ದುಡಿದು ಮುಪ್ಪಾದ ಹಿರಿಯರೊಬ್ಬರು ಮೊಮ್ಮಗಳ ಕೈಹಿಡಿದು ಪೇಟೆಗೆ ಬಂದರು. ಎಸ್ಲಿಂಗೆನ್ನಿನ ಚಿತ್ರವನ್ನು ಪುಸ್ತಕದಲ್ಲಿ ಕಂಡಿದ್ದ ಬಾಲಕಿ ಕೇಳಿದಳು:

"ತಾತಾ, ನೀವೂ ಗಣಿಯ ಟೋಪಿ, ದೀಪ ಹಾಕಿಕೊಂಡು ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!"

ಹಿರಿಯರು ನಕ್ಕರು. "ಆ ಟೋಪಿಯಲ್ಲಿ ನಾನು ಎಂದೂ ಪೇಟೆಗೆ ಬಂದವನಲ್ಲ, ತಾಯೀ. ಅದನ್ನು ಅಲ್ಲಿಯೇ ಬಿಟ್ಟು, ಮನೆಗೆ ಹೋಗಿ ಮೈತೊಳೆದು, ಒಗೆದ ಅಂಗಿ ತೊಟ್ಟು ಬರುತ್ತಿದ್ದೆ. ದಿನವೆಲ್ಲ ನೆಲದಡಿಯ ಕತ್ತಲೆ. ಈ ದೀಪಗಳನ್ನು ಕಂಡಾಗ ಮನುಷ್ಯನಾದೆ ಎನ್ನಿಸುತ್ತಿತ್ತು."

ಬಾಲಕಿಯ ತಂದೆಗೆ ಗಣಿಯ ಕೆಲಸವಿಲ್ಲ. ಅವನು ಸಾವಿರಾರು ಜನರಂತೆ ನಸುಕಿಗೆ ಮುಂಚೆಯೇ ರೈಲು ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗುತ್ತಾನೆ. ಮರಳುವಾಗ ಇರುಳಾಗಿರುತ್ತದೆ. ಆ ಸಂಜೆಯೂ ಅವನು ಊರ್ಗಾಂ ನಿಲ್ದಾಣದಲ್ಲಿ ಇಳಿದು, ಊಟದ ಡಬ್ಬಿಯ ಚೀಲದೊಡನೆ ನೇರವಾಗಿ ಪೇಟೆಗೆ ಬಂದನು. ಮಗಳು ಕೆಂಪು ನಕ್ಷತ್ರವೊಂದನ್ನು ತೋರಿಸಿದಳು. ಅವನು ಬೆಲೆ ಕೇಳಿ, ಒಂದಿಷ್ಟು ಚೌಕಾಸಿ ಮಾಡಿ ಅದನ್ನು ಕೊಂಡನು. ಬಳಿಕ ತನ್ನ ಬೆವರಿದ ಅಂಗಿಯ ಕಡೆ ನೋಡಿಕೊಂಡು ಹೇಳಿದನು:

"ಅಪ್ಪಾ, ನೀವಿಬ್ಬರೂ ಇಲ್ಲಿಯೇ ಇರಿ. ಮನೆಗೆ ಹೋಗಿ, ಮೈತೊಳೆದು, ಬೇರೆ ಅಂಗಿ ಹಾಕಿಕೊಂಡು ಬರುತ್ತೇನೆ."

ಬಾಲಕಿ ತಾತನ ಮುಖವನ್ನು ನೋಡಿದಳು. ತಾತ ಮೊಮ್ಮಗಳನ್ನು ನೋಡಿ ಮುಗುಳ್ನಕ್ಕರು. ಮತ್ತೆ ಅವಳು ಗಣಿಯ ಟೋಪಿಯ ಮಾತನ್ನು ಎತ್ತಲಿಲ್ಲ. ಇಬ್ಬರೂ ನಕ್ಷತ್ರವನ್ನು ಹಿಡಿದು, ದೀಪಗಳ ಕೆಳಗೆ ಅವನಿಗಾಗಿ ಕಾಯುತ್ತ ನಿಂತರು.