ಆರಿದ ಒಲೆ

ನಮ್ಮ ತಂದೆಯವರು ತೀರಿಕೊಂಡಾಗ ಮೂರು ದಿನ ನೆರೆಯವರೇ ಅನ್ನ ತಂದಿತ್ತರು. ಆಮೇಲೂ ಒಲೆ ಹೊತ್ತಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಕಡೆಗೆ, ಆ ವರ್ಷವಷ್ಟೇ ಮನೆಗೆ ಬಂದಿದ್ದ ತಮ್ಮನ ಹೆಂಡತಿ ಯಾರನ್ನೂ ಕೇಳದೆ ಎಸರಿಟ್ಟಳು. ಅಮೆರಿಕದ ಮಾರ್ಷಲ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ವೃತ್ತಾಂತವನ್ನೋದಿದಾಗ ನನಗೆ ನೆನಪಾದವಳು ಆಕೆಯೇ.

1970ನೆಯ ನವೆಂಬರ್ 14ರ ರಾತ್ರಿ, ಪಂದ್ಯವಾಡಿ ಹಂಟಿಂಗ್‌ಟನ್ ಪಟ್ಟಣಕ್ಕೆ ಮರಳುತ್ತಿದ್ದ ಆ ತಂಡದ ವಿಮಾನವು ಗುಡ್ಡಕ್ಕೆ ಬಡಿದು ಉರಿದುಹೋಯಿತು. ಅದರಲ್ಲಿದ್ದ 75 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆಟಗಾರರೊಡನೆ ಅವರ ಮುಖ್ಯ ಶಿಕ್ಷಕನೂ ಹೋದನು.

ಇಂಥ ಮನೆಗೆ 1971ರಲ್ಲಿ ಹೊಸ ಶಿಕ್ಷಕನಾಗಿ ಬಂದವನು ಜಾಕ್ ಲೆಂಗ್ಯೆಲ್. ಅಂದು ಪ್ರಯಾಣ ಮಾಡದೆ ಉಳಿದಿದ್ದ ಕೆಲವರು, ಬೇರೆ ಆಟಗಳ ಹುಡುಗರು, ವಿಶೇಷ ಅನುಮತಿಯಿಂದ ಸೇರಿಸಿಕೊಂಡ ಮೊದಲ ವರ್ಷದ ವಿದ್ಯಾರ್ಥಿಗಳು—ಇಷ್ಟೇ ಅವನ ಸಂಪತ್ತು. (ಅಲ್ಲಿಯ ಫುಟ್‌ಬಾಲು ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಅಪ್ಪಿಕೊಂಡು ಓಡುವ ಒರಟಾಟ. ಎಳೆಯರಿಗೆ ಹೇಳಿದ್ದಲ್ಲ.) ಅದೇ ಸೀಮೆಯ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಶಿಕ್ಷಕ ಬಾಬಿ ಬೌಡನ್ ತನ್ನ ಆಟದ ಕ್ರಮವನ್ನೇ ಬಿಚ್ಚಿ ತೋರಿಸಿದನಂತೆ. ಸಾವಿನ ಮನೆಗೆ ಅನ್ನ ತರುವ ನೆರೆಯವರು ಎಲ್ಲ ದೇಶದಲ್ಲಿಯೂ ಇರುವರು.

ಮೊದಲನೆಯ ಪಂದ್ಯ ಸೋತಿತು. ಎರಡನೆಯದು ಸೆಪ್ಟೆಂಬರ್ 25ರಂದು, ತಮ್ಮ ಊರಿನಲ್ಲಿಯೇ, ಝೇವಿಯರ್ ತಂಡದ ಮೇಲೆ. ಕಾಲ ಮುಗಿದೇಹೋಯಿತೆನ್ನುವಾಗ ಕಟ್ಟಕಡೆಯ ಎಸೆತವನ್ನು ಟೆರಿ ಗಾರ್ಡ್ನರ್ ಹಿಡಿದೋಡಿ ಗೆರೆ ದಾಟಿದನು: 15ಕ್ಕೆ 13.

ಆ ವರ್ಷ ಹತ್ತರಲ್ಲಿ ಗೆದ್ದುದು ಎರಡೇ, ಸೋತುದು ಎಂಟು. ಅಂಕಪಟ್ಟಿ ನೋಡಿ ಮಕ್ಕಳನ್ನು ಗದರಿಸುವ ನನ್ನಂಥವನು ಹಿಂದೆ ಇದನ್ನು ಕಂಡು ನಕ್ಕುಬಿಡುತ್ತಿದ್ದೆನೇನೋ.

ನಮ್ಮ ಮನೆಯಲ್ಲಿ ಅಂದು ಅನ್ನ ತಳಹಿಡಿದಿತ್ತು. ಎಲ್ಲರೂ ಕುಳಿತು ಉಂಡೆವು, ಅಮ್ಮನೂ ಉಂಡಳು.