ಮೂರೂವರೆ ದಿನ, ಇನ್ನೂರ ಹತ್ತು ಕಿಲೋಮೀಟರ್, ಆರು ಸಾವಿರ ಕುದುರೆ

ಗುಂಡ್ಲುಪೇಟೆ ದಾಟಿದರೆ ಮದ್ದೂರು. ರಾತ್ರಿ ಒಂಬತ್ತಕ್ಕೆ ಚೆಕ್‌ಪೋಸ್ಟಿನ ಗೇಟು ಬೀಳುತ್ತದೆ. ಆಚೆ ಬಂಡೀಪುರದ ಕಾಡು, ಕಾಡಿನಾಚೆ ವಯನಾಡು. ಅಲ್ಲಿನ ಸುಲ್ತಾನ್ ಬತ್ತೇರಿಯ ಜೈನ ಬಸದಿಯನ್ನೇ ಟಿಪ್ಪುವಿನ ಸೇನೆ ಮದ್ದಿನ ಮನೆ ಮಾಡಿಕೊಂಡಿತ್ತು. ಆದರೆ ಮೈಸೂರಿನ ಹೆಸರು ಕೇಳಿ ಮದರಾಸು ನಡುಗಿದ್ದು ಮದ್ದಿಗಲ್ಲ, ಗೊರಸಿನ ಸದ್ದಿಗೆ.

ಹಾಗೆ ಮಿಂಚಿನಂತೆ ಎರಗುವ ದಾಳಿಕೋರರೆಂದರೆ ಲೋಕಕ್ಕೆಲ್ಲ ನೆನಪಾಗುವವರು ವೈಕಿಂಗರು. 793ರಲ್ಲಿ ಲಿಂಡಿಸ್‌ಫಾರ್ನ್ ಮಠ ದೋಚಿದರು. 845ರಲ್ಲಿ ಸೀನ್ ನದಿಯೇರಿ ಪ್ಯಾರಿಸ್‌ಗೆ ನುಗ್ಗಿ 7,000 ಪೌಂಡ್ ಬೆಳ್ಳಿ ವಸೂಲು ಮಾಡಿದರು. ಮೊಣಕಾಲುದ್ದದ ನೀರಿನಲ್ಲೂ ತೇಲುವ ದೋಣಿ, ಕಾವಲುಗಾರ ಕಣ್ಣುಜ್ಜುವಷ್ಟರಲ್ಲಿ ಏಟು. ನೀರಿಲ್ಲದ ಕಡೆ? 866ರಲ್ಲಿ ಇಂಗ್ಲೆಂಡಿನಲ್ಲಿ ಅವರೂ ಕುದುರೆ ಹತ್ತಿದರು. ಟಿಪ್ಪುವಿನ ಅಪ್ಪ ಹೈದರಲಿಗೆ ಆ ಪಾಠ ಯಾರೂ ಹೇಳಿಕೊಡಬೇಕಿರಲಿಲ್ಲ.

1767. ಈಸ್ಟ್ ಇಂಡಿಯಾ ಕಂಪನಿಯೊಡನೆ ಮೊದಲ ಮೈಸೂರು ಯುದ್ಧ. ಹದಿಹರೆಯದ ಟಿಪ್ಪು ಸವಾರರೊಡನೆ ಮದರಾಸಿನ ಹೊರವಲಯಕ್ಕೇ ನುಗ್ಗಿದ. ತೋಟದ ಬಂಗಲೆಯಲ್ಲಿದ್ದ ಗವರ್ನರ್ ಕಡಲಿಗೆ ಓಡಿದ, ಅದೃಷ್ಟಕ್ಕೆ ಎದುರಿದ್ದ ದೋಣಿ ಹತ್ತಿ ಪಾರಾದ ಎಂದು ಹೈದರನ ಬಳಿಯಿದ್ದ ಫ್ರೆಂಚ್ ಅಧಿಕಾರಿಯೊಬ್ಬ ಬರೆದಿಟ್ಟಿದ್ದಾನೆ. ಕೂದಲೆಳೆಯ ಅಂತರ. ಮುಂದಿನ ಸಲ ಮಗನಲ್ಲ, ಅಪ್ಪನೇ ಬಂದ.

1769ರ ಮಾರ್ಚ್. ಕಂಪನಿಯ ಕರ್ನಲ್ ಜೋಸೆಫ್ ಸ್ಮಿತ್ ಹೈದರನ ಬೆನ್ನು ಹತ್ತಿದ್ದ. ಪಳಗಿದ ಕಾಲಾಳು, ಗುರಿ ತಪ್ಪದ ತೋಪು, ಎಲ್ಲ ಇತ್ತು. ಸಾಕಷ್ಟು ಕುದುರೆ ಇರಲಿಲ್ಲ. ತೋಪಿಗೆ ಎತ್ತು ಬೇಕು, ಎತ್ತಿಗೆ ಮೇವು ಬೇಕು. ಮೈಸೂರು ಸವಾರರು ಮೇವು ಸುಟ್ಟರು, ದನ ಅಟ್ಟಿದರು, ದವಸದ ಸಾಲು ಕತ್ತರಿಸಿದರು. ಸ್ಮಿತ್ ಕುಂಟಿದ. ನಡುವೆ ಸಿಕ್ಕ ತಮಿಳು ಹಳ್ಳಿಯ ರೈತ ಎರಡೂ ಸೇನೆಗಳಿಗೆ ದಂಡ ತೆತ್ತ. ಹೈದರ್ ಮಾತ್ರ ಶತ್ರುವನ್ನು ಮದರಾಸಿನಿಂದ ದೂರ, ಇನ್ನೂ ದಕ್ಷಿಣಕ್ಕೆ ಎಳೆಯುತ್ತಲೇ ಹೋದ. ಎಳೆದು, ಒಮ್ಮೆಲೇ ಲಗಾಮು ತಿರುಗಿಸಿದ.

ತೋಪು, ಡೇರೆ, ಸಾಮಾನಿನ ಬಂಡಿ, ಬಹುಪಾಲು ಕಾಲಾಳು, ಎಲ್ಲವನ್ನೂ ಆತ್ತೂರು ಕಣಿವೆಯ ಹಾದಿಯಲ್ಲಿ ಪಶ್ಚಿಮಕ್ಕೆ ಸಾಗಹಾಕಿದ. ತನಗೆ ಉಳಿಸಿಕೊಂಡದ್ದು ಆರಿಸಿದ 6,000 ಸವಾರರು, 200 ಕಾಲಾಳು. ಒಂದೂ ತೋಪಿಲ್ಲ. ನಡುದಾರಿಯಲ್ಲಿ ಸ್ಮಿತ್ ಅಡ್ಡಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಓಡಿದರು. ಬಯಲುಸೀಮೆಯ ಬೇಸಗೆ. ಪಾಲಾರ್ ಹೊಳೆ ದಾಟಿದರು, ಮತ್ತೆ ಓಡಿದರು. ದಿನಕ್ಕೆ 60 ಕಿಲೋಮೀಟರ್. ಎತ್ತಿನ ಬಂಡಿಯ ಸೇನೆ ಕನಸಿನಲ್ಲೂ ಕಾಣದ ವೇಗ. ಒಟ್ಟು 130 ಮೈಲಿ, ಮೂರೂವರೆ ದಿನ. ಮಾರ್ಚ್ 29ರಂದು ಮದರಾಸು ಐದೇ ಮೈಲಿ ದೂರದಲ್ಲಿತ್ತು. ಸ್ಮಿತ್ ಇನ್ನೂ ಹಿಂದೆಯೇ ಇದ್ದ.

ಕೋಟೆ ಒಡೆಯಲು ಹೈದರನ ಬಳಿ ಏನೂ ಇರಲಿಲ್ಲ. ಇದ್ದದ್ದು ಧೈರ್ಯ, ಮತ್ತು ಕಂಪನಿಯ ಭಯ. ಪತ್ರ ಕಳಿಸಿದ: ಮದರಾಸು ಕೌನ್ಸಿಲಿನ ಡು ಪ್ರೆ ಮಾತುಕತೆಗೆ ಬರಲಿ, ಸ್ಮಿತ್ ಇದ್ದಲ್ಲೇ ನಿಲ್ಲಲಿ. ಕೌನ್ಸಿಲ್ ಎರಡಕ್ಕೂ ಒಪ್ಪಿತು! ಸೇಂಟ್ ಥಾಮಸ್ ಮೌಂಟ್‌ಗೆ ಬಂದ ಡು ಪ್ರೆ ಹೈದರನೆದುರು ಕೂತ. ಏಪ್ರಿಲ್ ಮೊದಲ ವಾರ ಒಪ್ಪಂದವಾಯಿತು: ಗೆದ್ದ ನೆಲ ಪರಸ್ಪರ ವಾಪಸು, ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ.

ವೈಕಿಂಗರು ಬೆಳ್ಳಿ ಕೇಳಿದ್ದರು. ಹೈದರ್ ಕೇಳಿದ್ದು ಮಾತು. ಬೆಳ್ಳಿಯಾದರೂ ಕೈಗೆ ಬರುತ್ತಿತ್ತು. ಮರಾಠರು ಮೈಸೂರಿನ ಮೇಲೆ ಮುಗಿಬಿದ್ದಾಗ ಕಂಪನಿ ಕೈಕಟ್ಟಿ ಕೂತಿತು. ಹೈದರ್ ಮರೆಯಲಿಲ್ಲ. 1780ರಲ್ಲಿ 80,000ಕ್ಕೂ ಮಿಕ್ಕಿದ ದಂಡಿನೊಡನೆ ಮತ್ತೆ ಘಟ್ಟ ಇಳಿದ. ಈ ಸಲ ತೋಪು ತಂದಿದ್ದ, ರಾಕೆಟ್ ತಂದಿದ್ದ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನೆಲಕಚ್ಚಿತು, ಬೇಲಿ ಶ್ರೀರಂಗಪಟ್ಟಣದ ಸೆರೆಮನೆ ಸೇರಿದ.