ತೇಜಾಬ್ ಮತ್ತು ಮುಂದಿನ ಬೆಂಚು

ಏಳನೆಯ ತರಗತಿಯವರೆಗೆ ನಾವು ಓದಿದ್ದು ಹೊಸಪೇಟೆಯಲ್ಲಿ, ಉರ್ದುವಿನಲ್ಲಿ. ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಬಂದಾಗ ನಮ್ಮನ್ನು ಗೊಂದಲಕ್ಕೆ ಕೆಡವಿದ್ದು ವಿಜ್ಞಾನದ ಪದಗಳು. ನಮ್ಮ ಮನೆಯಲ್ಲಿ ತೇಜಾಬ್ ಎನ್ನುತ್ತಿದ್ದುದು ಇಲ್ಲಿ ಆಮ್ಲವಾಗಿತ್ತು. ಆಮ್ಲವೆಂದರೆ ಹುಳಿ. ಲಿಂಬೆ, ಹುಣಸೆ ನೆನಪಾಗಿ ಬಾಯಲ್ಲಿ ನೀರೂರುತ್ತದೆ. ತೇಜಾಬ್ ಫಾರಸಿಯಿಂದ ಬಂದ ಮಾತು. ತೇಜ್ ಎಂದರೆ ಹರಿತ, ಆಬ್ ಎಂದರೆ ನೀರು. ಉರ್ದುವಿನಲ್ಲೂ ತುರ್ಶಾ ಎಂಬ ಹುಳಿ ಪದವಿದೆ, ಆದರೆ ಅದು ಪುಸ್ತಕದ್ದು. ಬಾಟಲಿಗೆ ಕೈಹಾಕುವ ಮಗುವಿಗೆ ಯಾವ ಹೆಸರು ಮೊದಲು ಗೊತ್ತಿರಬೇಕು ಎಂದು ಕೇಳಿದರೆ ನಾವು ತೇಜಾಬಿನ ಪರ. ಕನ್ನಡ ಪಂಡಿತರು ಕ್ಷಮಿಸಬೇಕು.

ನಮ್ಮ ಹೈಸ್ಕೂಲಿನಲ್ಲಿ ಪ್ರಯೋಗಾಲಯವೆಂದರೆ ಒಂದು ಬೀರು, ಅದರ ಬೀಗದ ಕೈ ಹೆಡ್ಮಾಸ್ತರರ ಜೇಬಿನಲ್ಲಿ. ರಸಾಯನ ಶಾಸ್ತ್ರವನ್ನು ನಾವು ಕಂಡದ್ದೆಲ್ಲ ಕಪ್ಪು ಹಲಗೆಯ ಮೇಲೆ. ಹೀಗಿರುವಾಗ ವಿಜ್ಞಾನದ ಮೇಷ್ಟ್ರು ಸ್ವಂತ ದುಡ್ಡಿನಿಂದ ಸೋಡಿಯಂ ತಂದರೆಂದರೆ ಅದು ನಮಗೆ ಹಬ್ಬ. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ತುಂಡನ್ನು ಹೊರತೆಗೆದು, ಬೆಣ್ಣೆಯಂತೆ ಕತ್ತರಿಸಿ, ಅಕ್ಕಿಕಾಳಿನಷ್ಟನ್ನು ಗಾಜಿನ ತೊಟ್ಟಿಯ ನೀರಿಗೆ ಹಾಕಿದರು. ಅದು ಚುಂಯ್‌ಗುಡುತ್ತ ನೀರಿನ ಮೇಲೆಲ್ಲ ಓಡಾಡಿ ಮಾಯವಾಯಿತು. ಚಪ್ಪಾಳೆಯೋ ಚಪ್ಪಾಳೆ. "ಇನ್ನೊಂದ್ಸಲ ಸರ್, ದೊಡ್ಡದು ಹಾಕ್ರಿ ಸರ್!" ಎಂದು ಇಡೀ ತರಗತಿ ಕೂಗಿತು. ಅವರು ಹುಣಸೆ ಬೀಜದಷ್ಟು ತುಂಡು ಹಾಕಿದರು.

ಸಿಡಿದ ಸದ್ದು ರಸ್ತೆಯವರೆಗೆ ಕೇಳಿತಂತೆ. ತೊಟ್ಟಿ ಒಡೆಯಿತು. ಮುಂದಿನ ಬೆಂಚಿನಲ್ಲಿ ಕಂಪ್ಲಿಯ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬ ಕೂತಿದ್ದ. ಚೆನ್ನಾಗಿ ಓದುವವರಿಗೇ ಆ ಬೆಂಚು. ಅವನ ಎಡಗಣ್ಣಿಗೆ ಹನಿ ಸಿಡಿಯಿತು. ಮೇಷ್ಟ್ರು ಓಡಿ ಬಂದು ಕರವಸ್ತ್ರದಿಂದ ಒರೆಸಿದರು. ನಲ್ಲಿಯಲ್ಲಿ ಆ ಹೊತ್ತಿಗೆ ನೀರಿರಲಿಲ್ಲ. ಯಾರೋ ಪಕ್ಕದ ಮನೆಯಿಂದ ಒಂದು ಕೊಡ ತರುವಷ್ಟರಲ್ಲಿ ತಡವಾಗಿತ್ತು. ಸೋಡಿಯಂ ನೀರಿಗೆ ಬಿದ್ದಾಗ ಹುಟ್ಟುವ ಜಲಜನಕ ಹತ್ತಿಕೊಂಡು ಸದ್ದು ಮಾಡುತ್ತದೆ, ಎಲ್ಲರೂ ಅದಕ್ಕೆ ಹೆದರುತ್ತಾರೆ. ಉಳಿದ ನೀರಿನಲ್ಲಿ ಸದ್ದಿಲ್ಲದೆ ಕೂತಿರುವುದು ಕಾಸ್ಟಿಕ್ ಸೋಡಾ. ಕಣ್ಣಿನ ಮಟ್ಟಿಗೆ ಇಂಥ ಕ್ಷಾರ ತೇಜಾಬಿಗಿಂತಲೂ ಕೆಟ್ಟದ್ದು, ಒಳಗೊಳಗೇ ಇಳಿಯುತ್ತ ಹೋಗುತ್ತದೆ. ಆ ಗಳಿಗೆಯಲ್ಲೇ, ಕನಿಷ್ಠ ಹದಿನೈದು ನಿಮಿಷ, ಬರೀ ನೀರು ಹರಿಸಬೇಕು. ಒರೆಸಬಾರದು. ಇದನ್ನು ನಾವು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಆ ಕಣ್ಣು ಮಂಜಾಗಿಯೇ ಉಳಿಯಿತು. ಹುಡುಗನ ತಾಯಿ ಕಂಪ್ಲಿ ಬಸ್ಸಿಗೆ ಬಂದವರು, ತಲೆತಗ್ಗಿಸಿ ನಿಂತಿದ್ದ ಮೇಷ್ಟ್ರಿಗೆ "ಹೋಗ್ಲಿ ಬಿಡ್ರಿ ಸರ್, ನೀವೇನ್ ಬೇಕಂತ ಮಾಡಿಲ್ಲಲ್ರಿ" ಎಂದರು. ಶಾಲೆಯ ಹೆಸರು ಇಲ್ಲಿ ಬೇಡ. ಮೇಷ್ಟ್ರು ಒಳ್ಳೆಯವರೇ. ಆದರೆ ಅಂದಿನಿಂದ ಅವರು ಒಂದೇ ಒಂದು ಪ್ರಯೋಗವನ್ನೂ ಮಾಡಿ ತೋರಿಸಲಿಲ್ಲ. ಹುಡುಗ ಕಣ್ಣು ಕಳೆದುಕೊಂಡ, ಉಳಿದ ನಲವತ್ತು ಮಂದಿ ರಸಾಯನ ಶಾಸ್ತ್ರವನ್ನೇ ಕಳೆದುಕೊಂಡೆವು. ಆ ಪಾಠದಿಂದ ನಮ್ಮ ತಲೆಯಲ್ಲಿ ಉಳಿದದ್ದು "ಧಡ್ ಅಂತು" ಎಂಬುದೊಂದೇ.

ಚಪ್ಪಾಳೆಗೆ ಮಾಡುವ ಪ್ರಯೋಗದ ಕಷ್ಟವೇ ಇದು. ಪ್ರತಿ ಸಲವೂ ಹಿಂದಿನದಕ್ಕಿಂತ ದೊಡ್ಡದಾಗಬೇಕು. ಹಂಪಿಯ ಮಹಾನವಮಿಯಲ್ಲಿ ಬಾಣಬಿರುಸು ಹಾರುತ್ತಿದ್ದುದನ್ನು ಪೋರ್ಚುಗೀಸರ ಡೊಮಿಂಗೊ ಪಾಯೆಸ್ ಬರೆದಿಟ್ಟಿದ್ದಾನೆ. ಬಯಲಿನ ಆ ತಮಾಷೆಗೂ ಜನ ಒಂದಷ್ಟು ದೂರ ನಿಂತಿದ್ದಿರಬೇಕು. ನಮ್ಮ ತರಗತಿಗಳಲ್ಲಿ ಮೇಜಿಗೂ ಮಗುವಿನ ಮುಖಕ್ಕೂ ಎರಡು ಅಡಿ.

ಸಂಡೂರಿನ ಗುಡ್ಡಗಳಿಂದ ನೂರು ವರ್ಷಕ್ಕೂ ಮಿಕ್ಕಿ ಮ್ಯಾಂಗನೀಸ್ ತೆಗೆಯುತ್ತಿದ್ದಾರೆ. ಅದೇ ಧಾತು ಪೊಟ್ಯಾಸಿಯಂ ಪರ್ಮಾಂಗನೇಟಿನಲ್ಲಿಯೂ ಇದೆ. ನಮ್ಮ ಮನೆಗಳಲ್ಲಿ ಅದು ಲಾಲ್ ದವಾ. ಅದರ ಪುಡಿಯ ಮೇಲೆ ಗ್ಲಿಸರಿನ್ ಬಿಟ್ಟರೆ ಬೆಂಕಿಕಡ್ಡಿಯಿಲ್ಲದೆ ಹತ್ತಿಕೊಳ್ಳುತ್ತದೆ. ಮಂತ್ರದಿಂದ ಬೆಂಕಿ ತರಿಸುವವರ ಗುಟ್ಟು ಇದೇ ಎಂದು ಪವಾಡ ಬಯಲಿನ ಕಾರ್ಯಕ್ರಮಗಳಲ್ಲಿ ತೋರಿಸುತ್ತಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡ ಪರೀಕ್ಷೆಗೆ ಸಮಿತಿ ಮಾಡಿದ ನಾಡು ನಮ್ಮದು, ಆ ಕೆಲಸದ ಬಗ್ಗೆ ನಮಗೆ ಗೌರವವಿದೆ. ಆದರೆ ಈ ಬೆಂಕಿ ಕೂಡಲೇ ಹತ್ತುವುದಿಲ್ಲ. ಕೆಲವೊಮ್ಮೆ ಕೆಲವು ಸೆಕೆಂಡು, ಚಳಿ ಇದ್ದರೆ ಇನ್ನೂ ತಡ. ಯಾಕೆ ಹತ್ತಲಿಲ್ಲ ಎಂದು ಬಗ್ಗಿ ನೋಡುವ ಹೊತ್ತಿಗೇ ಭಗ್ಗೆನ್ನುತ್ತದೆ. ವೇದಿಕೆಯ ಮೇಲಿರುವವರಿಗೆ ಇದು ಗೊತ್ತು. ಸಂಜೆ ಮನೆಯ ಹಿತ್ತಿಲಲ್ಲಿ ತಾನೂ ಮಾಡಿ ನೋಡುವ ಹುಡುಗನಿಗೆ ಇದನ್ನು ಹೇಳಿದವರು ಯಾರು?

ಬಡ ಶಾಲೆಗಳಲ್ಲಿ ಮಾತ್ರ ಹೀಗಾಗುತ್ತದೆ ಎನ್ನುವಂತಿಲ್ಲ. 2014ರ ಜನವರಿ 2ರಂದು ನ್ಯೂಯಾರ್ಕಿನ ಹೈಸ್ಕೂಲೊಂದರಲ್ಲಿ ಲವಣಗಳನ್ನು ಮೆಥನಾಲಿನಲ್ಲಿ ಉರಿಸಿ ಕಾಮನಬಿಲ್ಲಿನ ಬಣ್ಣ ತೋರಿಸುತ್ತಿದ್ದರು. ದೊಡ್ಡ ಕ್ಯಾನಿನಿಂದಲೇ ಮೆಥನಾಲ್ ಸುರಿದಾಗ ಬೆಂಕಿ ಚಿಮ್ಮಿ ಇಬ್ಬರು ವಿದ್ಯಾರ್ಥಿಗಳು ಸುಟ್ಟುಕೊಂಡರು. ಒಬ್ಬನಿಗೆ ತೀವ್ರ ಗಾಯ. 2019ರಲ್ಲಿ ಅವನಿಗೆ ಸುಮಾರು 6 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಜ್ಯೂರಿ ಹೇಳಿತು. 2014ರ ಸೆಪ್ಟೆಂಬರಿನಲ್ಲಿ ರೀನೋ ಊರಿನ ವಸ್ತುಸಂಗ್ರಹಾಲಯವೊಂದರಲ್ಲಿ ಇಂಥದೇ ಬೆಂಕಿಯಾಟದಿಂದ 13 ಮಂದಿಗೆ ಗಾಯವಾಯಿತು, ಹೆಚ್ಚಿನವರು ಮಕ್ಕಳು. ಮೆಥನಾಲಿನ ಜ್ವಾಲೆ ಬೆಳಕಿನಲ್ಲಿ ಕಣ್ಣಿಗೇ ಕಾಣುವುದಿಲ್ಲ. ಆರಿತೆಂದು ಬಗೆದು ಮತ್ತೆ ಸುರಿಯುತ್ತಾರೆ. ಬಲ್ಲವರ ಕೈಯಲ್ಲಿ ಏನೂ ಆಗದು ಎನ್ನುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನೆನೆಯಬೇಕು. 2018ರ ಡಿಸೆಂಬರ್ 5ರಂದು ಅಲ್ಲಿನ ಪ್ರಯೋಗಾಲಯದಲ್ಲಿ ಅನಿಲ ಸಿಲಿಂಡರ್ ಸಿಡಿದು ಒಬ್ಬ ಯುವ ಸಂಶೋಧಕ ತೀರಿಕೊಂಡರು, ಮೂವರು ಗಾಯಗೊಂಡರು.

ಹಾಗೆಂದು ಬೀರುವಿಗೆ ಬೀಗ ಹಾಕಿ ಎಂದು ನಾವು ಹೇಳುತ್ತಿಲ್ಲ. ಬೀಗ ಬಿದ್ದದ್ದನ್ನು ನಾವು ಕಂಡಿದ್ದೇವೆ. ಆ ಬಣ್ಣಗಳಿಗೆ ಮೆಥನಾಲೇ ಬೇಕೆಂದಿಲ್ಲ. ಮರದ ಸಣ್ಣ ಕಡ್ಡಿಗಳನ್ನು ಲವಣದ ನೀರಿನಲ್ಲಿ ನೆನೆಸಿ ಜ್ವಾಲೆಗೆ ಹಿಡಿದರೆ ಅವೇ ಬಣ್ಣಗಳು ಬರುತ್ತವೆ.

ಈಚೆಗೆ ಸಂಡೂರಿನ ಕಡೆಯ ಶಾಲೆಯೊಂದರ ವಿಜ್ಞಾನ ಮೇಳಕ್ಕೆ ನಮ್ಮನ್ನು ಕರೆದಿದ್ದರು. ಕಥೆ ಬರೆಯುವವರಿಗೆ ಅಲ್ಲೇನು ಕೆಲಸವೋ! ಅಲ್ಲಿನ ಮೇಡಂ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಮಕ್ಕಳನ್ನು ಅದರಾಚೆ ಕೂರಿಸಿದ್ದರು. ಪಕ್ಕದಲ್ಲಿ ಎರಡು ಬಕೆಟ್ ನೀರು. ಅವರ ಕಣ್ಣಿಗೆ ಕನ್ನಡಕ. ಎಲ್ಲಿಂದ ತಂದಿರಿ ಎಂದೆವು. "ಗಣಿಯವ್ರಿಗೆ ಮಾರೋ ಅಂಗಡಿಯಾಗ ಸಿಗ್ತಾವ್ರಿ ಸರ್, ಏನ್ ಭಾಳ ರೇಟಿಲ್ಲ" ಎಂದರು. ಉಪ್ಪಿನ ಕಡ್ಡಿ ಹಳದಿಯಾಗಿ ಉರಿಯಿತು, ಮೈಲುತುತ್ತದ್ದು ಹಸಿರು. ಗೆರೆಯ ಆಚೆಯಿಂದ ಹುಡುಗಿಯೊಬ್ಬಳು ಎದ್ದು ನಿಂತು "ನಮ್ಮೂರ ಅದಿರು ಯಾವ ಬಣ್ಣ ಕೊಡ್ತೈತ್ರಿ ಮೇಡಂ?" ಎಂದು ಕೇಳಿದಳು. ಮೇಡಂ ಸ್ವಲ್ಪ ಹೊತ್ತು ಯೋಚಿಸಿ, ಗೊತ್ತಿಲ್ಲ, ಓದಿಕೊಂಡು ಬಂದು ಸೋಮವಾರ ಹೇಳ್ತೀನಿ ಎಂದರು.